ವಯಸ್ಸು ಬರೀ ನಂಬರ್ ಅಲ್ಲ ಸ್ವಾಮಿ!

'ಏಜ್ ಈಸ್ ಜಸ್ಟ್ ಎ ನಂಬರ್.' ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಯಾರಾದರೊಬ್ಬರು ಇದನ್ನ ಕಳಿಸೇ ಕಳಿಸ್ತಾರೆ. ಜೊತೆಗೊಂದು ಸೂರ್ಯೋದಯದ ಫೋಟೋ. ಐವತ್ತು ದಾಟಿದ ಮೇಲೂ ಮಂಜುಗಡ್ಡೆ ಮೇಲೆ ಆಡ್ತಿದ್ದ ಒಬ್ಬ ಮನುಷ್ಯನ ಫೋಟೋ ಕೂಡ ಇದೇ ಸಾಲಿನ ಜೊತೆ ಓಡಾಡುತ್ತೆ. ಹೆಸರು ಯಾರೋಮಿರ್ ಯಾಗರ್. ಜೆಕ್ ದೇಶದವನು, ಐಸ್ ಹಾಕಿ ಫಾರ್ವರ್ಡ್. ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ನೋಡದೆ ಸುಮ್ಮನೆ ತಲೆ ಆಡಿಸೋ ಅಭ್ಯಾಸ ಇಲ್ಲ. ಲೆಕ್ಕ ನೋಡಿದರೆ ಈ ಮನುಷ್ಯನ ಬದುಕು ಆ ಸಾಲಿಗೆ ತದ್ವಿರುದ್ಧ.

ಮೊದಲು ಆಟ ಅರ್ಥ ಆಗಲಿ. ಹಾಕಿ ಅಂದ ತಕ್ಷಣ ನಮಗೆ ಕೊಡಗು, ಹಸಿರು ಟರ್ಫ್ ಕಣ್ಣಮುಂದೆ ಬರುತ್ತೆ. ಇದು ಅದಲ್ಲ. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆ. ಕಡೆಗೆ ಐದು ಜನ, ಜೊತೆಗೊಬ್ಬ ಗೋಲಿ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ, ಅದಕ್ಕೆ ಪಕ್ ಅಂತಾರೆ. 20 ನಿಮಿಷದ ಮೂರು ಅವಧಿ. ಆದ್ರೆ ಫಾರ್ವರ್ಡ್ ಒಂದು ಸಲಕ್ಕೆ ಆಡೋದು ಮುಕ್ಕಾಲು ನಿಮಿಷದ ಆಸುಪಾಸು ಮಾತ್ರ. ಅಷ್ಟರಲ್ಲೇ ಶಕ್ತಿಯೆಲ್ಲ ಸುರಿದು, ಏದುಸಿರು ಬಿಡುತ್ತಾ ಬೆಂಚಿಗೆ ಬಂದು ಕೂರಬೇಕು. ಮತ್ತೆ ಹೋಗಬೇಕು. ಪಕ್ ಇಟ್ಟುಕೊಂಡವನಿಗೆ ಮೈಯಿಂದ ಗುದ್ದೋದು ಇಲ್ಲಿ ತಪ್ಪಲ್ಲ, ಕಾನೂನುಬದ್ಧ! ಗೋಲು ಹೊಡೆದರೆ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟರೆ ಒಂದು ಪಾಯಿಂಟ್. ಮೂವತ್ತೈದು ದಾಟಿದ ಫಾರ್ವರ್ಡ್‌ಗಳು ಕಡಿಮೆ, ನಲವತ್ತು ದಾಟಿದರೆ ಅದೇ ಸುದ್ದಿ.

ಈಗ ಯಾಗರ್ ಲೆಕ್ಕ. ಹುಟ್ಟಿದ್ದು 1972ರ ಫೆಬ್ರವರಿ 15. ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಈ ಆಟದ ಅತಿ ದೊಡ್ಡ ಲೀಗ್. ಅಲ್ಲಿ 1995-96ರ ಒಂದೇ ಸೀಸನ್‌ನಲ್ಲಿ ಆತ ಗಳಿಸಿದ್ದು 149 ಪಾಯಿಂಟ್. ಹತ್ತು ವರ್ಷದ ನಂತರ, 2005-06ರಲ್ಲಿ, 123. ಇನ್ನೂ ಹತ್ತು ವರ್ಷ ಕಳೆದು 2015-16ರಲ್ಲಿ, 44 ತುಂಬಿದ ಸೀಸನ್‌ನಲ್ಲಿ, 66. ಕೊನೆಯ ಎನ್‌ಎಚ್‌ಎಲ್ ಸೀಸನ್ ಕ್ಯಾಲ್ಗರಿ ತಂಡದಲ್ಲಿ: 22 ಪಂದ್ಯ, 1 ಗೋಲು. ನೋಡಿದ್ರಲ್ಲ? ವಯಸ್ಸು ತನ್ನ ಪಾಲನ್ನ ಬಿಡದೆ ವಸೂಲಿ ಮಾಡಿದೆ. ಸಾಮಾನ್ಯ ಆಟಗಾರನ ಗ್ರಾಫ್ ಮೂವತ್ತರ ನಂತರ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯುತ್ತೆ, ಈತನದ್ದು ಮೆಟ್ಟಿಲು ಇಳಿದ ಹಾಗೆ ಇಳೀತು.

ಹೇಗೆ ಸಾಧ್ಯ ಆಯ್ತು? ಉತ್ತರ ಗರಡಿಮನೆಯಲ್ಲಿದೆ. ಹುಡುಗನಾಗಿದ್ದಾಗಲೇ ದಿನಕ್ಕೆ ಸಾವಿರ ಬಸ್ಕಿ ಹೊಡೀತಿದ್ದ. ಹೌದು, ನಮ್ಮ ಪೈಲ್ವಾನರು ಹೊಡೆಯೋ ಬಸ್ಕಿನೇ. ಅದರಿಂದ ತೊಡೆ, ಸೊಂಟ ಕಂಬದ ಹಾಗಾದವು. ಹರೆಯದಲ್ಲಿ ಆತ ವೇಗದ ಆಟಗಾರ, ಎದುರಾಳಿಯನ್ನ ಹಿಂದೆ ಹಾಕಿ ನುಗ್ಗುತ್ತಿದ್ದ. ವೇಗ ಇಳೀತಾ ಬಂದ ಹಾಗೆ ಆಟವನ್ನೇ ಬದಲಿಸಿದ. ಪಕ್ ತನ್ನ ಕೋಲಿನಲ್ಲಿ, ಎದುರಾಳಿ ಬೆನ್ನ ಹಿಂದೆ. ಮಂಡಿ ಬಗ್ಗಿಸಿ, ಸೊಂಟ ಕೆಳಗಿಳಿಸಿ, ಗೋಡೆ ಬದಿಯ ಮೂಲೆಯಲ್ಲಿ ನಿಂತುಬಿಟ್ಟರೆ ಮುಗೀತು. ಆರಡಿ ಮೂರಿಂಚು ಎತ್ತರ, ನೂರು ಕೆಜಿ ಮೀರಿದ ತೂಕ, ಅದರ ಮೇಲೆ ಗುರುತ್ವ ಕೇಂದ್ರ ನೆಲದ ಹತ್ತಿರ. ಇಪ್ಪತ್ತರ ಹುಡುಗ ಬಂದು ಗುದ್ದಿದರೂ ಹುಡುಗನೇ ಜಾರಬೇಕು. ನಲವತ್ತು ದಾಟಿದ ಮೇಲೂ ರಾತ್ರಿ ಹೊತ್ತು ಒಬ್ಬನೇ ಹೋಗಿ, ಮೈಗೆ ತೂಕ ಕಟ್ಟಿಕೊಂಡು ಸ್ಕೇಟಿಂಗ್ ಮಾಡ್ತಿದ್ದ. ವಯಸ್ಸು ಬರೀ ನಂಬರ್ ಅಂದುಕೊಂಡವನು ಇಷ್ಟು ಒದ್ದಾಡ್ತಾನಾ?

ಆತನ ಬದುಕಲ್ಲಿ ನಿಜವಾಗಿಯೂ ತೂಕ ಇರೋ ನಂಬರ್ ಬೇರೆ ಇದೆ. ಅದು ಬೆನ್ನ ಮೇಲಿನ 68.

ಪ್ರಾಗ್ ನಗರದ ಹತ್ತಿರ ಕ್ಲಾಡ್ನೋ ಅಂತ ಒಂದು ಉಕ್ಕಿನ ಊರು. ಯಾಗರ್‌ದು ಅಲ್ಲಿನ ರೈತ ಮನೆತನ. ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ಜಮೀನು ಕೈಬಿಟ್ಟು ಹೋಯಿತು, ಎದುರು ನಿಂತ ತಾತ ಜೈಲು ಸೇರಿದರು. 1968ರಲ್ಲಿ ಚೆಕೊಸ್ಲೊವಾಕಿಯಾ ಸ್ವಲ್ಪ ಉಸಿರಾಡೋಕೆ ನೋಡಿತು, ಅದನ್ನೇ ಪ್ರಾಗ್ ವಸಂತ ಅಂತಾರೆ. ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಬಂದು ಆ ಉಸಿರನ್ನ ಕಟ್ಟಿದವು. ತಾತ ತೀರಿಕೊಂಡಿದ್ದೂ ಅದೇ ವರ್ಷ. ಮೊಮ್ಮಗ ಶಾಲೆ ಪುಸ್ತಕದೊಳಗೆ ಅಮೆರಿಕ ಅಧ್ಯಕ್ಷ ರೇಗನ್ ಫೋಟೋ ಇಟ್ಟುಕೊಂಡು ಓಡಾಡ್ತಿದ್ದ. ಆ ಕಾಲದಲ್ಲಿ, ಆ ದೇಶದಲ್ಲಿ! ಹುಡುಗಾಟಿಕೆ ಅಂತ ನಕ್ಕು ಬಿಡೋ ವಿಷಯ ಆಗಿರಲಿಲ್ಲ.

ಅವನಿಗಿಂತ ಹಿಂದಿನವರು ಎನ್‌ಎಚ್‌ಎಲ್ ಆಡಬೇಕಂದ್ರೆ ದೇಶ ಬಿಟ್ಟು ಓಡಿಹೋಗಬೇಕಿತ್ತು. ಪೀಟರ್ ಸ್ಟಾಸ್ಟ್ನಿ 1980ರಲ್ಲಿ ಹಾಗೇ ತಮ್ಮನ ಜೊತೆ ಕೆನಡಾ ಸೇರಿದ. ಯಾಗರ್ ಅದೃಷ್ಟ ನೋಡಿ, 1989ರ ನವೆಂಬರ್‌ನಲ್ಲಿ ಆಡಳಿತ ಉರುಳಿತು, 1990ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಆತನನ್ನ ಐದನೇ ಆಯ್ಕೆಯಾಗಿ ಆರಿಸಿತು. ಯಾರಿಗೂ ಹೆದರದೆ ಸೂಟ್‌ಕೇಸ್ ಹಿಡಿದು ಹೊರಟ. ತಾತನ ವರ್ಷವನ್ನ ಜೆರ್ಸಿ ಮೇಲೆ ಹೊತ್ತ.

ಮುಂದಿನದ್ದು ದಾಖಲೆಯ ಮಾತು. 1991, 1992ರಲ್ಲಿ ಸ್ಟಾನ್ಲಿ ಕಪ್. ಲೀಗಿನ ಅತಿ ಹೆಚ್ಚು ಪಾಯಿಂಟ್ ಪ್ರಶಸ್ತಿ ಐದು ಸಲ. 1998ರಲ್ಲಿ ನಾಗಾನೊ ಒಲಿಂಪಿಕ್ಸ್ ಚಿನ್ನ. ಒಂಬತ್ತು ಎನ್‌ಎಚ್‌ಎಲ್ ತಂಡ, 1,733 ಪಂದ್ಯ, 1,921 ಪಾಯಿಂಟ್. ಆತನಿಗಿಂತ ಮೇಲಿರೋದು ಒಬ್ಬನೇ, 2,857 ಗಳಿಸಿದ ವೇಯ್ನ್ ಗ್ರೆಟ್ಸ್ಕಿ. ನಡುವೆ 2008ರಿಂದ ಮೂರು ಸೀಸನ್ ರಷ್ಯಾದ ಓಮ್ಸ್ಕ್‌ನಲ್ಲಿ ಆಡಿದ್ದು ಈ ಲೆಕ್ಕಕ್ಕೆ ಸೇರಿಲ್ಲ. ಅದೂ ಸೇರಿದ್ದರೆ 2,000 ಆರಾಮಾಗಿ ದಾಟ್ತಿತ್ತು ಅನ್ನೋದು ನನ್ನ ಲೆಕ್ಕ. ಗ್ರೆಟ್ಸ್ಕಿಯನ್ನ ಮಾತ್ರ ಮುಟ್ಟುತ್ತಿರಲಿಲ್ಲ ಬಿಡಿ.

ಹಾಗಾದ್ರೆ 2018ರಲ್ಲಿ, 46ರ ಹೊಸ್ತಿಲಲ್ಲಿ, ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತಲ್ಲ? ಹೋದ, ಆದ್ರೆ ಸ್ಕೇಟ್ ಕಳಚಲಿಲ್ಲ. ಕ್ಲಾಡ್ನೋ ತಂಡದ ಮಾಲೀಕ ಆಗ ಈತನೇ ಆಗಿದ್ದ. ತಂಡ ಆಗ ಎರಡನೇ ದರ್ಜೆಯ ಲೀಗಿನಲ್ಲಿತ್ತು. 2019ರ ಏಪ್ರಿಲ್‌ನಲ್ಲಿ, 47ನೇ ವಯಸ್ಸಲ್ಲಿ, ಬಡ್ತಿಗಾಗಿ ಕಾರ್ಲೋವಿ ವಾರಿ ವಿರುದ್ಧದ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ! ತಂಡ ಮೇಲಿನ ಲೀಗಿಗೆ ಹತ್ತಿತು. ಮರುವರ್ಷ ಮತ್ತೆ ಕೆಳಗೆ ಬಿತ್ತು. 2021ರಲ್ಲಿ ಮತ್ತೆ ಹತ್ತಿತು.

ಇಲ್ಲೇ ಇರೋದು ಗಂಟು. ಸಣ್ಣ ಊರಿನ ತಂಡಕ್ಕೆ ದುಡ್ಡು ಎಲ್ಲಿಂದ ಬರಬೇಕು? ಪ್ರಾಯೋಜಕರು ಕೊಡಬೇಕು. ಅವರಿಗೆ ಬೇಕಿರೋದು ಯಾಗರ್ ಕಚೇರಿಯಲ್ಲಿ ಕೂತು ಸಹಿ ಹಾಕೋದಲ್ಲ, ಯಾಗರ್ ಮೈದಾನದಲ್ಲಿ ಇರೋದು. ಆಡದಿದ್ದರೆ ಪ್ರಾಯೋಜಕರು ಕೈಬಿಡ್ತಾರೆ ಅಂತ ಆತನೇ ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಇದರಲ್ಲಿ ಸಂಭ್ರಮ ಇದೆ, ಸಂಕಟವೂ ಇದೆ. ಆತ ಕೂರುವ ಬೆಂಚಿನಲ್ಲಿ ಒಬ್ಬ ಹದಿನೆಂಟರ ಹುಡುಗ ಕೂರಬಹುದಿತ್ತು ಅನ್ನೋ ಟೀಕೆಯನ್ನ ನಾನು ತಳ್ಳಿಹಾಕಲ್ಲ. ಆದ್ರೆ ಬೆಂಚೇ ಇಲ್ಲದಿದ್ರೆ ಆ ಹುಡುಗ ಎಲ್ಲಿ ಕೂರಬೇಕು ಅನ್ನೋದೂ ಪ್ರಶ್ನೆಯೇ. ಜಮೀನು ಕಳಕೊಂಡ ತಾತನ ಮೊಮ್ಮಗ ಊರಿನ ತಂಡವನ್ನ ಕೈಬಿಡೋಕೆ ಒಪ್ಪದಿದ್ದರೆ ನನಗಂತೂ ಆಶ್ಚರ್ಯ ಆಗಲ್ಲ.

2024ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ಆತನ 68ನ್ನ ನಿವೃತ್ತಿಗೊಳಿಸಿತು. ಅಂದ್ರೆ ಆ ನಂಬರನ್ನ ಆ ತಂಡದಲ್ಲಿ ಇನ್ಯಾರೂ ತೊಡುವಂತಿಲ್ಲ. ಬಿಟ್ಟುಹೋದವನು ಅಂತ ವರ್ಷಗಟ್ಟಲೆ ಆತನನ್ನ ಗೇಲಿ ಮಾಡಿದ್ದ ಊರು ಅವತ್ತು ಎದ್ದು ನಿಂತು ಚಪ್ಪಾಳೆ ಹೊಡೀತು. ಜೆರ್ಸಿ ಏನೋ ನಿವೃತ್ತಿ ಆಯ್ತು. ಅದರೊಳಗಿನ ಮನುಷ್ಯ ಮಾತ್ರ ವಿಮಾನ ಹತ್ತಿ ಕ್ಲಾಡ್ನೋಗೆ ವಾಪಸ್ ಬಂದ. ಅಲ್ಲಿ ಸೀಸನ್ ಇನ್ನೂ ಮುಗಿದಿರಲಿಲ್ಲ.