ವಿಮಾನದ ಸಂಖ್ಯೆ, ಮನುಷ್ಯನ ಹೆಸರು

ಹವ್ಯಾಸಗಳು ಹಲವು ಬಗೆ. ಅಂಚೆಚೀಟಿ ಕೂಡಿಡುವವರುಂಟು, ಹಳೆಯ ನಾಣ್ಯ ಅರಸುವವರುಂಟು. ನನ್ನ ಹವ್ಯಾಸ ಹಳೆಯ ಯುದ್ಧವಿಮಾನಗಳ ಚರಿತ್ರೆಯನ್ನು ಹುಡುಕುವುದು. ಮನೆಮನೆಯ ಆಲ್ಬಮ್ಮುಗಳಲ್ಲಿರುವ ಅವುಗಳ ಛಾಯಾಚಿತ್ರಗಳು ಮಾಸಿಹೋಗುವ ಮೊದಲೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಉಳಿಸುವುದು. ಬೆಂಗಳೂರಿನ ಪೂರ್ವಭಾಗದಲ್ಲಿ ನೆಲೆಸಿದವರಿಗೆ ಈ ಗೀಳು ಹತ್ತುವುದು ಅಸಹಜವೇನಲ್ಲ. ಹಳೇ ಮದ್ರಾಸ್ ರಸ್ತೆಯಿಂದ ಹಳೆಯ ವಿಮಾನನಿಲ್ದಾಣದ ರಸ್ತೆಗೆ ಹೋಗುವ ದಾರಿಗೆ ಸುರಂಜನ್ ದಾಸ್ ರಸ್ತೆಯೆಂದು ಹೆಸರು. ೧೯೬೧ರ ಜೂನ್ ೧೭ರಂದು ಮಾರುತ್ ಯುದ್ಧವಿಮಾನವನ್ನು ಮೊತ್ತಮೊದಲು ಹಾರಿಸಿದ ವೈಮಾನಿಕ ಅವರು. ೧೯೭೦ರ ಜನವರಿಯಲ್ಲಿ ಅದೇ ಬಗೆಯ ವಿಮಾನವನ್ನು ಪರೀಕ್ಷಿಸುವಾಗ ಪ್ರಾಣ ತೆತ್ತರು. ದಿನವೂ ಆ ದಾರಿಯಲ್ಲಿ ಓಡಾಡುವವರಲ್ಲಿ ಇದನ್ನು ಬಲ್ಲವರು ಎಷ್ಟು ಮಂದಿ?

ಈ ಸೀಮೆಗೆ ವಿಮಾನದ ನಂಟು ಬೆಳೆದುದು ಹೀಗೆ. ೧೯೪೦ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ೧೯೪೧ರ ಆಗಸ್ಟಿನಲ್ಲಿ ಹಾರಿತು. ೧೯೪೩ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಪಡೆಯ ಕೈಸೇರಿ, ಅದೊಂದು ದೊಡ್ಡ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು.

ಯುದ್ಧ ಮುಗಿದ ಮೇಲಿನ ಕಥೆ ಇನ್ನೂ ಸೋಜಿಗದ್ದು. ನಾಲ್ಕು ಎಂಜಿನ್ನುಗಳ ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಕಾರ್ಖಾನೆಯವರು ಅವುಗಳಲ್ಲಿ ಸುಮಾರು ನಲವತ್ತನ್ನು ಆಯ್ದು, ಹೇಗೋ ಹಾರುವಷ್ಟು ಸರಿಪಡಿಸಿದರು. ಜಮ್‌ಷೆಡ್ ಮುನ್ಷಿ ಎಂಬ ಪರೀಕ್ಷಾ ವೈಮಾನಿಕರು ಅವನ್ನು ಇಲ್ಲಿಗೆ ಹಾರಿಸಿ ತಂದರು. ಇಲ್ಲಿ ಹೊಸ ಜೀವ ಪಡೆದ ಆ ವಿಮಾನಗಳು ೧೯೪೮ರಿಂದ ೧೯೬೮ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಲೋಕದ ಬೇರೆಲ್ಲೆಡೆ ಲಿಬರೇಟರುಗಳು ಗುಜರಿ ಸೇರಿದ್ದುದರಿಂದ, ಮುಂದೆ ವಿದೇಶದ ವಸ್ತುಸಂಗ್ರಹಾಲಯಗಳು ನಮ್ಮಲ್ಲಿಗೇ ಬರಬೇಕಾಯಿತು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯದಲ್ಲಿರುವ ಲಿಬರೇಟರ್ ೧೯೭೪ರಲ್ಲಿ ಭಾರತ ಕೊಟ್ಟದ್ದು. ನಮ್ಮಲ್ಲಿ ಅದರ ಸಂಖ್ಯೆ ಎಚ್.ಇ. ೮೦೭.

ಈ ಸಂಖ್ಯೆಯೇ ನಮ್ಮ ಹುಡುಕಾಟದ ಕೀಲಿಕೈ. ವಿಮಾನದ ಮೈಮೇಲೆ ಬರೆದ ಅಕ್ಷರ, ಅಂಕಿಗಳು ಚಿತ್ರದಲ್ಲಿ ಓದಲು ಬಂದರೆ ಸಾಕು, ದಾಖಲೆಗಳ ನೆರವಿನಿಂದ ಅದರ ಜಾತಕವನ್ನೇ ತೆಗೆಯಬಹುದು. ಸಂಖ್ಯೆ ಕಾಣದಿದ್ದರೆ ರೆಕ್ಕೆಯ ಮೇಲಿನ ವರ್ತುಲ ಚಿಹ್ನೆ ಕಾಲವನ್ನು ಹೇಳುತ್ತದೆ. ಜಪಾನೀಯರ ಕೆಂಪು ಸೂರ್ಯನೊಡನೆ ಗೊಂದಲವಾಗದಿರಲೆಂದು ಯುದ್ಧಕಾಲದಲ್ಲಿ ಈ ಭಾಗದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ಚಿಹ್ನೆಯ ನಡುವಣ ಕೆಂಪನ್ನು ಅಳಿಸಿದ್ದರು. ಸ್ವಾತಂತ್ರ್ಯಾನಂತರ ಕೆಲಕಾಲ ಅಶೋಕಚಕ್ರವಿತ್ತು. ೧೯೫೦ರಲ್ಲಿ ಹಸಿರು, ಬಿಳಿ, ಕೇಸರಿಯ ವರ್ತುಲ ಬಂದಿತು. ಆದರೆ ಕಪ್ಪುಬಿಳುಪಿನ ಚಿತ್ರವನ್ನು ನೋಡುವಾಗ ಎಚ್ಚರ ಬೇಕು. ಹಳೆಯ ಕೆಲವು ಬಗೆಯ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಅವುಗಳಲ್ಲಿ ಕೆಂಪು ಕಪ್ಪಾಗಿಯೂ ನೀಲಿ ತೆಳುವಾಗಿಯೂ ಮೂಡುತ್ತದೆ.

ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಜಾಣತನಕ್ಕಿಂತ ತಾಳ್ಮೆ ಹೆಚ್ಚು ಬೇಕು. ಆಲ್ಬಮ್ಮಿಗೆ ಅಂಟಿದ ಚಿತ್ರವನ್ನು ಕೀಳಬಾರದು. ಪುಟವನ್ನೇ ಇಡಿಯಾಗಿ ಸ್ಕ್ಯಾನರಿನ ಮೇಲಿಡಬೇಕು. ಒದ್ದೆ ಬಟ್ಟೆ ಸೋಂಕಿಸದೆ, ಮೆದು ಕುಂಚದಿಂದ ಧೂಳು ಕೊಡವಬೇಕು. ಕಾಗದದ ಮೇಲಿನ ಚಿತ್ರಕ್ಕೆ ಅಂಗುಲಕ್ಕೆ ೬೦೦ ಚುಕ್ಕಿಗಳ ಸಾಂದ್ರತೆ ಸಾಮಾನ್ಯವಾಗಿ ಸಾಕು. ಚಿಕ್ಕ ನೆಗೆಟಿವಿಗೆ ೨೪೦೦ ಅಥವಾ ಇನ್ನೂ ಹೆಚ್ಚು ಬೇಕು. ನೆಗೆಟಿವಿನಿಂದ ವಿನಿಗರಿನಂಥ ಹುಳಿವಾಸನೆ ಬಂದರೆ ಫಿಲ್ಮು ಕೊಳೆಯತೊಡಗಿದೆಯೆಂದು ಅರ್ಥ. ಅದರ ಸರದಿ ಮೊದಲು. ಗೀರು, ಕಲೆಗಳನ್ನು ಅಳಿಸುವುದಾದರೆ ಬೇರೊಂದು ಪ್ರತಿಯಲ್ಲಿ ಅಳಿಸಬೇಕು. ಮೊದಲ ಪ್ರತಿ ಹೇಗಿದೆಯೋ ಹಾಗೆಯೇ ಉಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಅಲ್ಲಿ ಪೆನ್ಸಿಲಿನಲ್ಲಿ ಗೀಚಿದ ತಾರೀಖು, ಸ್ಟುಡಿಯೋದ ಮೊಹರು, ಅರ್ಧ ಅಳಿಸಿದ ಹೆಸರು, ಯಾವುದೂ ನಗಣ್ಯವಲ್ಲ.

ಏಕೆಂದರೆ ಈ ಹುಡುಕಾಟದ ನಿಜವಾದ ಕಷ್ಟ ವಿಮಾನವಲ್ಲ, ಮನುಷ್ಯ. ಎಷ್ಟೋ ಚಿತ್ರಗಳಲ್ಲಿ ವಿಮಾನದ ರೆಕ್ಕೆಯ ನೆರಳಿನಲ್ಲಿ ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತಿರುತ್ತಾರೆ: ಫಿಟ್ಟರುಗಳು, ವೆಲ್ಡರುಗಳು, ತಗಡಿನ ಕೆಲಸದವರು. ಆ ಕೈಗಳೇ ಗುಜರಿಯ ರಾಶಿಯಿಂದ ಒಂದು ವಾಯುದಳವನ್ನು ಎಬ್ಬಿಸಿದವು. ಹಿಂದೆ ನಿಂತ ವಿಮಾನದ ಹುಟ್ಟೂರು, ಹಾರಿದ ದಳ, ಕಡೆಗೆ ಸೇರಿದ ಜಾಗ ಎಲ್ಲವನ್ನೂ ನಾನು ಕೆಲವೊಮ್ಮೆ ಒಂದು ವಾರದೊಳಗೆ ಪತ್ತೆಮಾಡಬಲ್ಲೆ. ಮುಂದೆ ನಿಂತವರ ಹೆಸರನ್ನು ಮಾತ್ರ ಯಾವ ಕಡತವೂ ಕೊಡುವುದಿಲ್ಲ. ಅದು ಯಾರದೋ ಮಡದಿಯ, ಮಗಳ ನೆನಪಿನಲ್ಲಿರುತ್ತದೆ. ಆ ನೆನಪಿಗೆ ಪ್ರತಿ ತೆಗೆಯುವ ಯಂತ್ರವಿಲ್ಲ. ಆದುದರಿಂದಲೇ ನಾನು ಸ್ಕ್ಯಾನರಿನೊಡನೆ ಒಂದು ನೋಟುಬುಕ್ಕನ್ನೂ ಒಯ್ಯುತ್ತೇನೆ. ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ತೋರಿಸಿ ಕೇಳಿ ಬರೆದುಕೊಳ್ಳುತ್ತೇನೆ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥದೊಂದು ಆಲ್ಬಮ್ ಇರಬಹುದು. ಅದನ್ನು ನನ್ನಂಥವರಿಗೆ ಕೊಡಬೇಕೆಂದೇನೂ ಇಲ್ಲ. ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಚಿತ್ರದಲ್ಲಿರುವವರು ಯಾರೆಂದು ಕೇಳಿ ಬರೆದಿಟ್ಟರೆ ಅರ್ಧ ಚರಿತ್ರೆ ಉಳಿದಂತೆಯೇ.