ಅಳತೆಗೆ ಸಿಕ್ಕ ನೆಲ, ಹೆಸರು ಸಿಕ್ಕ ಜನ: ಆಫ್ರಿಕಾದ ಸರ್ವೇಯರುಗಳ ಕೆಲಸ

ನಮ್ಮ ಕಡೆ ಸರ್ವೆ ಅಂದ ಕೂಡಲೇ ನೆನಪಾಗೋದು ಜಗಳ. ಅಣ್ಣತಮ್ಮಂದಿರ ಪಾಲು, ಬದು ಒತ್ತುವರಿ, ಪೋಡಿ ಆಗದೆ ನಿಂತ ಜಮೀನು, ಹದ್ದುಬಸ್ತಿಗೆ ಅರ್ಜಿ ಹಾಕಿ ಕಾಯೋದು. ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಬಹಳಷ್ಟು ರೈತರ ಕೈಯಲ್ಲಿ ಒಂದು ಸರ್ವೆ ನಂಬರ್ ಇದೆ, ಒಂದು ಪಹಣಿ ಇದೆ. ಜಗಳ ಆಡೋದಕ್ಕಾದರೂ ಒಂದು ಕಾಗದ ಇದೆ! ಆಫ್ರಿಕಾ ಖಂಡದ ಬಹುಪಾಲು ಹಳ್ಳಿಗರಿಗೆ ಆ ಕಾಗದವೇ ಇಲ್ಲ. 2013ರಲ್ಲಿ ವಿಶ್ವಬ್ಯಾಂಕ್ ಪ್ರಕಟಿಸಿದ ವರದಿಯ ಪ್ರಕಾರ ಆಫ್ರಿಕಾದ ಗ್ರಾಮೀಣ ಭೂಮಿಯಲ್ಲಿ ದಾಖಲೆಯಾಗಿದ್ದದ್ದು ಶೇ. 10ರಷ್ಟು ಮಾತ್ರ. ಉಳಿದದ್ದೆಲ್ಲ ಬಾಯಿಮಾತು, ರೂಢಿ, ಊರ ಹಿರಿಯರ ನೆನಪು.

‘ಸುಸ್ಥಿರ ಅಭಿವೃದ್ಧಿ’ ಎಂಬ ಪದವನ್ನು ನಾವು ಭಾಷಣಗಳಲ್ಲಿ ಕೇಳಿ ಕೇಳಿ ಸವೆಸಿಬಿಟ್ಟಿದ್ದೇವೆ. ಅದನ್ನು ಒಬ್ಬ ರೈತನ ಮಟ್ಟಕ್ಕೆ ಇಳಿಸಿ ನೋಡಿ. ಮುಂದಿನ ವರ್ಷ ಈ ಹೊಲ ತನ್ನದೋ ಅಲ್ಲವೋ ಅಂತ ಗೊತ್ತಿಲ್ಲದವನು ತೆಂಗಿನ ಸಸಿ ನೆಡುತ್ತಾನಾ? ಮಣ್ಣು ಕೊಚ್ಚಿಹೋಗದ ಹಾಗೆ ಬದು ಕಟ್ಟುತ್ತಾನಾ? ಸಿಕ್ಕಷ್ಟು ಬೆಳೆದುಕೊಂಡು ಸುಮ್ಮನಾಗುತ್ತಾನೆ. ಹತ್ತು ವರ್ಷದ ಮುಂದಾಲೋಚನೆ ಮಾಡಬೇಕಾದರೆ ಹತ್ತು ವರ್ಷ ನೆಲ ತನ್ನ ಬಳಿ ಉಳಿಯುತ್ತೆ ಅನ್ನೋ ಭರವಸೆ ಬೇಕು. ಆ ಭರವಸೆ ಕೊಡೋರಲ್ಲಿ ಸರ್ವೇಯರ್ ಮೊದಲಿಗ.

ನಾನು ಸಾಫ್ಟ್‌ವೇರ್ ಇಂಜಿನಿಯರ್. ನಕ್ಷೆಗಳು, ಅವುಗಳ ಹಿಂದಿನ ಡೇಟಾಬೇಸ್‌ಗಳು ನನ್ನ ದಿನನಿತ್ಯದ ಕೆಲಸ. ಈ ವಿಷಯದಲ್ಲಿ ಆಫ್ರಿಕಾದ ಕೆಲವು ದೇಶಗಳು ಏನು ಮಾಡಿವೆ ಅಂತ ಓದುತ್ತಾ ಹೋದ ಹಾಗೆ, ನಾವೂ ಕಲಿಯೋದು ಬಹಳ ಇದೆ ಅನ್ನಿಸಿತು.

ಸಾವಿರ ಬೆಟ್ಟಗಳ ನಾಡಿನಲ್ಲಿ

ರುವಾಂಡಾ ಪುಟ್ಟ ದೇಶ. ವಿಸ್ತೀರ್ಣ ಸುಮಾರು 26,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಏಳನೇ ಒಂದು ಭಾಗ. ಎಲ್ಲಿ ನೋಡಿದರೂ ಬೆಟ್ಟ, ಬೆಟ್ಟದ ಇಳಿಜಾರಿನಲ್ಲೇ ಸಣ್ಣ ಸಣ್ಣ ಹೊಲಗಳು. 1994ರ ನರಮೇಧದ ನಂತರ ಅಲ್ಲಿ ಭೂಮಿಯ ಪ್ರಶ್ನೆ ಬೆಂಕಿಯಂತಾಗಿತ್ತು. ದಶಕಗಳ ಹಿಂದೆ ಓಡಿಹೋಗಿದ್ದವರು ಮರಳಿ ಬಂದರು, ಆಗಷ್ಟೇ ಓಡಿಹೋದವರೂ ಮರಳಿದರು. ಒಂದೇ ಹೊಲಕ್ಕೆ ಇಬ್ಬರು ಮೂವರು ಹಕ್ಕುದಾರರು. ಗಂಡನನ್ನು, ತಂದೆಯನ್ನು ಕಳೆದುಕೊಂಡ ಹೆಂಗಸರಿಗೆ ರೂಢಿಯ ಪ್ರಕಾರ ಆಸ್ತಿಯಲ್ಲಿ ಹಕ್ಕೇ ಇರಲಿಲ್ಲ. 1999ರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ಕಾನೂನು ಬಂತು, 2005ರಲ್ಲಿ ಎಲ್ಲ ಜಮೀನೂ ನೋಂದಣಿ ಆಗಲೇಬೇಕೆಂಬ ಭೂ ಕಾನೂನು ಬಂತು. ಕಾನೂನೇನೋ ಆಯಿತು, ಅಳೆಯೋರು ಯಾರು?

ಪ್ರತಿ ಹೊಲಕ್ಕೂ ಪರವಾನಗಿ ಪಡೆದ ಸರ್ವೇಯರ್ ಹೋಗಿ, ಟೋಟಲ್ ಸ್ಟೇಷನ್ ನಿಲ್ಲಿಸಿ, ಮೂಲೆಮೂಲೆಗೆ ಕಲ್ಲು ನೆಟ್ಟು ಅಳೆಯೋದಕ್ಕೆ ಹೊರಟಿದ್ದರೆ ದಶಕಗಳೇ ಬೇಕಾಗುತ್ತಿದ್ದವು. ಅವರು ಬೇರೆ ದಾರಿ ಹಿಡಿದರು. ವಿಮಾನದಿಂದ ಇಡೀ ದೇಶದ ಫೋಟೋ ತೆಗೆದು, ಇಳಿಜಾರಿನಿಂದ ಬರುವ ವಕ್ರತೆಯನ್ನು ಸರಿಪಡಿಸಿ, ಅಳತೆಗೆ ಸರಿಯಾಗಿ ದೊಡ್ಡ ಹಾಳೆಗಳಲ್ಲಿ ಮುದ್ರಿಸಿದರು. ಆಯಾ ಊರಿನವರಿಗೇ ತರಬೇತಿ ಕೊಟ್ಟರು. ಹೊಲದ ಮಾಲೀಕರು, ಅಕ್ಕಪಕ್ಕದವರು, ಊರಿನವರು ಎಲ್ಲ ಸೇರಿ ಬದುವಿನ ಮೇಲೆ ನಡೆಯೋದು. ‘ಇಲ್ಲಿಂದ ಆ ಮರದವರೆಗೆ ನಂದು’ ಅಂತ ಒಬ್ಬರು ಹೇಳಿ, ಪಕ್ಕದವರು ಹೌದೆಂದರೆ, ಫೋಟೋ ಹಾಳೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯೋದು, ನಂಬರ್ ಕೊಡೋದು, ಅಲ್ಲೇ ರಸೀದಿ ಹರಿದುಕೊಡೋದು. ಆಮೇಲೆ ಪಟ್ಟಿಯನ್ನು ಊರಲ್ಲೇ ಎಲ್ಲರಿಗೂ ಕಾಣೋ ಹಾಗೆ ಇಟ್ಟು ತಕರಾರಿಗೆ ಅವಕಾಶ. ತಕರಾರು ಬಂದರೆ ‘ಅಬುಂಜಿ’ ಎಂಬ ಊರ ಮಧ್ಯಸ್ಥರ ಮುಂದೆ ವಿಚಾರಣೆ.

ಹೀಗೆ 2009ರಿಂದ ಸುಮಾರು ನಾಲ್ಕು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಜಮೀನುಗಳ ಗಡಿ ಗುರುತಾಯಿತು. ತಗುಲಿದ ಖರ್ಚು ಒಂದು ಜಮೀನಿಗೆ ಆರೇಳು ಡಾಲರ್ ಮಾತ್ರ.

ಹಾಗಾದರೆ ಸರ್ವೇಯರಿಗೆ ಕೆಲಸವೇ ಇಲ್ಲವಾಯಿತಾ? ಕೆಲಸ ದೊಡ್ಡದಾಯಿತು. ಫೋಟೋ ಸರಿಯಾಗಿ ಕೂರಬೇಕಾದರೆ ನೆಲದ ಮೇಲೆ ನಿಖರವಾಗಿ ಅಳೆದ ಬಿಂದುಗಳು ಬೇಕು. ಊರಿನವರಿಗೆ ಕಲಿಸಬೇಕು, ಅವರು ಎಳೆದ ಗೆರೆಗಳನ್ನು ಕಂಪ್ಯೂಟರಿಗೆ ಏರಿಸಿ ಒಂದರ ಮೇಲೊಂದು ಬಿದ್ದಿಲ್ಲ ಅಂತ ಪರೀಕ್ಷಿಸಬೇಕು. ತಾನೊಬ್ಬನೇ ಚೈನು ಹಿಡಿದು ಹೊಲ ಸುತ್ತುತ್ತಿದ್ದವನು ಇಡೀ ದೇಶದ ಅಳತೆಯ ವ್ಯವಸ್ಥೆ ಕಟ್ಟೋನಾದ.

ಇದರ ಫಲ ಮಣ್ಣಿನಲ್ಲೇ ಕಂಡಿತು. ಮೊದಲು ಪ್ರಾಯೋಗಿಕವಾಗಿ ನೋಂದಣಿ ನಡೆದ ಪ್ರದೇಶಗಳನ್ನು ವಿಶ್ವಬ್ಯಾಂಕಿನ ಸಂಶೋಧಕರು ಅಧ್ಯಯನ ಮಾಡಿದಾಗ, ಅಲ್ಲಿನ ಕುಟುಂಬಗಳು ಬದು, ಮೆಟ್ಟಿಲು ಹೊಲದಂಥ ಮಣ್ಣು ಉಳಿಸುವ ಕೆಲಸಕ್ಕೆ ಕೈಹಾಕುವ ಸಾಧ್ಯತೆ ಸುಮಾರು ಎರಡು ಪಟ್ಟಾಗಿತ್ತು. ಹೆಂಗಸರೇ ಯಜಮಾನಿಕೆ ವಹಿಸಿದ ಮನೆಗಳಲ್ಲಿ ಈ ಏರಿಕೆ ಇನ್ನೂ ಹೆಚ್ಚು. ಅದೇ ಅಧ್ಯಯನ ಒಂದು ತೊಡಕನ್ನೂ ತೋರಿಸಿತು. ಕಾನೂನುಬದ್ಧವಾಗಿ ಮದುವೆ ನೋಂದಾಯಿಸದ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತಿತ್ತು. ದೇಶಾದ್ಯಂತ ಕೆಲಸ ಶುರು ಮಾಡುವ ಮೊದಲು ಅರ್ಜಿಯ ನಮೂನೆಯನ್ನೂ ವಿಧಾನವನ್ನೂ ತಿದ್ದಿದರು. ನೋಡಿ, ಒಂದು ಫಾರಮ್ಮಿನಲ್ಲಿ ಒಂದು ಖಾನೆ ಇದೆಯೋ ಇಲ್ಲವೋ ಅನ್ನೋದರ ಮೇಲೆ ಒಬ್ಬ ಹೆಂಗಸಿನ ನೆಲ ಉಳಿಯುತ್ತೆ ಅಥವಾ ಹೋಗುತ್ತೆ.

ಸೆಂಟಿಮೀಟರ್ ಎಲ್ಲಿ ಬೇಕು?

ಇಥಿಯೋಪಿಯಾ ಇನ್ನೂ ಸರಳವಾಗಿ ಶುರು ಮಾಡಿತು. 1998ರಲ್ಲಿ ಟಿಗ್ರೆ ಪ್ರಾಂತ್ಯದಲ್ಲಿ ಆರಂಭವಾದ ಮೊದಲ ಹಂತದಲ್ಲಿ ನಕ್ಷೆಯೇ ಇರಲಿಲ್ಲ. ಹಗ್ಗದಲ್ಲಿ ಅಳತೆ, ಮತ್ತೆ ಹೊಲದ ಸುತ್ತ ಯಾರ್‍ಯಾರ ಹೊಲ ಇದೆ ಅಂತ ಬರೆದುಕೊಳ್ಳೋದು. ನಮ್ಮ ಕ್ರಯಪತ್ರಗಳ ಚಕ್ಕುಬಂದಿ ಇದ್ದ ಹಾಗೆಯೇ! ಒಂದು ಜಮೀನಿಗೆ ಸುಮಾರು ಒಂದು ಡಾಲರ್ ಖರ್ಚು. ನಿಖರತೆ ಆಮೇಲೆ ಬಂತು. ಎರಡನೇ ಹಂತದಲ್ಲಿ ಮೇಲಿನಿಂದ ತೆಗೆದ ಚಿತ್ರಗಳನ್ನು ಬಳಸಿ ನಕ್ಷೆ ಮಾಡಿದರು.

ಇಂಜಿನಿಯರುಗಳಿಗೆ ಇದು ಸ್ವಲ್ಪ ಕಸಿವಿಸಿಯ ವಿಷಯ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ. ಒಳ್ಳೆಯ ಉಪಕರಣ ಎರಡು ಮೂರು ಸೆಂಟಿಮೀಟರಿನೊಳಗೆ ಹೇಳುತ್ತೆ. ಒಳ್ಳೆಯದು ಇರುವಾಗ ಕಡಿಮೆ ಯಾಕೆ? ಕಿಗಾಲಿಯಂಥ ನಗರದ ನಿವೇಶನಕ್ಕೆ, ರಸ್ತೆಗೆ, ಅಣೆಕಟ್ಟಿಗೆ ಸೆಂಟಿಮೀಟರ್ ಬೇಕೇ ಬೇಕು. ಬೆಟ್ಟದ ಮೇಲಿನ ಹುರುಳಿ ಹೊಲಕ್ಕೆ ಬದು ಕಾಣುವ ಫೋಟೋ ಸಾಕು. 2014ರಲ್ಲಿ ಸರ್ವೇಯರುಗಳ ಅಂತಾರಾಷ್ಟ್ರೀಯ ಒಕ್ಕೂಟವೂ ವಿಶ್ವಬ್ಯಾಂಕೂ ಸೇರಿ ಇದನ್ನೇ ಒಂದು ನೀತಿಯಾಗಿ ಮುಂದಿಟ್ಟವು: ಕೆಲಸಕ್ಕೆ ಬೇಕಾದಷ್ಟು ನಿಖರತೆ ಮೊದಲು, ಉಳಿದದ್ದನ್ನು ಬರಬರುತ್ತಾ ಸುಧಾರಿಸೋಣ. ನೂರು ಜನರಿಗೆ ಚಿನ್ನದಂಥ ನಕ್ಷೆ ಕೊಟ್ಟು ಹತ್ತು ಸಾವಿರ ಜನರನ್ನು ಕಾಯಿಸೋದಕ್ಕಿಂತ ಎಲ್ಲರಿಗೂ ಸಾಧಾರಣ ನಕ್ಷೆ ಕೊಡೋದು ಮೇಲು.

ಖಾಲಿ ಕಾಣುವ ನೆಲ

ಡೇಟಾಬೇಸ್ ಮಾಡುವವರಿಗೆ ಸುಲಭದ ವಿನ್ಯಾಸ ಅಂದರೆ ಒಂದು ಜಮೀನು, ಒಬ್ಬ ಮಾಲೀಕ. ಆಫ್ರಿಕಾದ ಬಹಳಷ್ಟು ಕಡೆ ನೆಲ ಹಾಗಿಲ್ಲ. ಮಳೆಗಾಲದಲ್ಲಿ ಒಬ್ಬರು ಉಳುತ್ತಾರೆ, ಕೊಯ್ಲಾದ ಮೇಲೆ ಇನ್ನೊಬ್ಬರ ದನ ಮೇಯುತ್ತೆ, ಜೇನು ಮತ್ತೊಬ್ಬರದು, ನೀರು ಎಲ್ಲರದು. ಇಂಥ ಹಕ್ಕುಗಳನ್ನೆಲ್ಲ ಬರೆದಿಡಲು ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ ಮತ್ತು ಜೊತೆಗಾರರು ಎಸ್‌ಟಿಡಿಎಂ ಎಂಬ ಮುಕ್ತ ತಂತ್ರಾಂಶ ಮಾಡಿದ್ದಾರೆ. ಉಗಾಂಡಾದ ಎಂಬಾಲೆ ಪಟ್ಟಣದ ಕೊಳೆಗೇರಿಗಳಲ್ಲಿ ಅಲ್ಲಿನ ನಿವಾಸಿಗಳೇ ಮಾಹಿತಿ ಸಂಗ್ರಹಿಸಿ ಅದನ್ನು ಬಳಸಿದರು.

ತಾಂಜಾನಿಯಾದ ಯಾಯೆಡಾ ಕಣಿವೆಯ ಹಾಡ್ಜಾ ಜನ ಬೇಟೆ, ಗೆಡ್ಡೆಗೆಣಸು, ಜೇನಿನ ಮೇಲೆ ಬದುಕುವವರು. ಉಳುವವರಲ್ಲ, ಬೇಲಿ ಹಾಕುವವರಲ್ಲ. ಆದ್ದರಿಂದಲೇ ಅವರ ಕಾಡು ಬೇರೆಯವರ ಪಾಲಾಗುತ್ತಾ ಬಂದಿತ್ತು. 2011ರಲ್ಲಿ ಗಡಿ ಗುರುತಿಸಿ, ಇಡೀ ಸಮುದಾಯದ ಹೆಸರಿಗೆ ರೂಢಿ ಹಕ್ಕಿನ ಪ್ರಮಾಣಪತ್ರ ಕೊಟ್ಟರು. ಈಗ ಆ ಕಾಡನ್ನು ಉಳಿಸಿಕೊಂಡಿದ್ದಕ್ಕೆ ಇಂಗಾಲದ ಕ್ರೆಡಿಟ್ ಮಾರಾಟದಿಂದ ಅವರಿಗೆ ಆದಾಯವೂ ಬರುತ್ತಿದೆ. ಗಡಿಯಿಲ್ಲದಿದ್ದರೆ ಆ ಹಣ ಯಾರಿಗೆ ಸೇರಬೇಕು ಅಂತ ಹೇಳುವುದೇ ಕಷ್ಟವಾಗುತ್ತಿತ್ತು.

ಹಕ್ಕು ಬರೆದಿಡದ ಕಡೆ ಏನಾಗುತ್ತೆ ಅನ್ನೋದಕ್ಕೆ ನಮಗೆ ಹತ್ತಿರದ ಉದಾಹರಣೆಯೇ ಇದೆ. ಗುಲಾಬಿ ರಫ್ತಿಗೆ ಹೆಸರಾದ ಬೆಂಗಳೂರಿನ ಕರುತೂರಿ ಗ್ಲೋಬಲ್ ಕಂಪನಿಗೆ ಇಥಿಯೋಪಿಯಾದ ಗಂಬೇಲಾ ಪ್ರದೇಶದಲ್ಲಿ ಅಲ್ಲಿನ ಸರ್ಕಾರ ಒಂದು ಲಕ್ಷ ಹೆಕ್ಟೇರ್ ಗುತ್ತಿಗೆ ಕೊಟ್ಟಿತ್ತು. ಸರ್ಕಾರದ ಲೆಕ್ಕದಲ್ಲಿ ಅದು ಬಳಕೆಯಾಗದ ನೆಲ. ಅನುವಾಕ್ ಜನರಿಗೆ, ದನಗಾಹಿ ನುವೇರ್ ಜನರಿಗೆ ಆ ಸೀಮೆಯ ಕಾಡು, ಹುಲ್ಲುಗಾವಲು, ನದಿದಂಡೆಯೇ ತಲೆಮಾರುಗಳ ಬದುಕು. 2011ರಲ್ಲಿ ಬಾರೋ ನದಿ ಉಕ್ಕಿ ಕಂಪನಿಯ ಮೆಕ್ಕೆಜೋಳ ಮುಳುಗಿತು. 2015ರ ಕೊನೆಗೆ, ಜಮೀನನ್ನು ಅಭಿವೃದ್ಧಿಪಡಿಸಿಲ್ಲವೆಂದು ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿತು. ಯಾರ ಬಳಕೆಯಲ್ಲಿದೆ, ಎಲ್ಲಿಯವರೆಗೆ ನೀರು ಏರುತ್ತೆ ಅನ್ನೋ ಎರಡು ಪ್ರಶ್ನೆಗೂ ಉತ್ತರ ಮೊದಲೇ ನಕ್ಷೆಯಲ್ಲಿದ್ದಿದ್ದರೆ ಊರಿನವರಿಗೂ ಒಳ್ಳೆಯದಿತ್ತು, ಹಣ ಹಾಕಿದವರಿಗೂ.

ನೀರಿನ ಮಟ್ಟ ಅಳೆಯೋದೂ ಸರ್ವೇಯರ್ ಕೆಲಸವೇ ತಾನೇ? ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ ಪ್ರತಿ ಮಳೆಗಾಲ ಬಡವರ ಬಡಾವಣೆಗಳು ಮುಳುಗುತ್ತವೆ. 2015ರಲ್ಲಿ ಶುರುವಾದ ‘ರಮಾನಿ ಹುರಿಯಾ’ ಯೋಜನೆಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಬಡಾವಣೆಯ ಜನರೂ ಸೇರಿ ಮನೆ, ಮೋರಿ, ಚರಂಡಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಗುರುತಿಸಿದರು. ಡ್ರೋನ್ ಹಾರಿಸಿದರು. ‘ಇಲ್ಲಿ ನೀರು ಸೊಂಟದವರೆಗೆ ಬರುತ್ತೆ’ ಎಂಬ ನಿವಾಸಿಗಳ ಅನುಭವವೂ ನಕ್ಷೆಗೆ ಸೇರಿತು.

ಬರೆದಿಟ್ಟರೆ ಮುಗಿಯಲಿಲ್ಲ

ಒಂದು ಸಲ ಅಳೆದು ಹಾಳೆ ಕೊಟ್ಟರೆ ಆಯಿತು ಅಂದುಕೊಂಡರೆ ಮೋಸ ಹೋದ ಹಾಗೆ. ನಮ್ಮಲ್ಲೇ ನೋಡಿ, ಪೌತಿ ಖಾತೆ ಮಾಡಿಸದೆ ಪಹಣಿ ಇನ್ನೂ ತಾತನ ಹೆಸರಲ್ಲೇ ಇರುವ ಮನೆಗಳು ಎಷ್ಟಿಲ್ಲ? ರುವಾಂಡಾಕ್ಕೂ ಅದೇ ಕಾಟ. ಹಳ್ಳಿಗಳಲ್ಲಿ ಸಣ್ಣ ತುಂಡು ಮಾರಿದವರು, ಪಾಲು ಮಾಡಿಕೊಂಡವರು ನೋಂದಣಿ ಕಚೇರಿಗೆ ಹೋಗದೆ ಉಳಿದರು. ಕಾಲು ಎಕರೆಗೂ ಹತ್ತು ಎಕರೆಗೂ ಒಂದೇ ಶುಲ್ಕ ಆದರೆ ಬಡವರು ಹೋಗೋದಾದರೂ ಹೇಗೆ? ಜೊತೆಗೆ 2013ರ ಕಾನೂನು, ಒಂದು ಹೆಕ್ಟೇರಿಗಿಂತ ಚಿಕ್ಕದಾಗುವ ಹಾಗೆ ಕೃಷಿಭೂಮಿ ಭಾಗ ಮಾಡುವುದನ್ನೇ ನಿಷೇಧಿಸಿತು. ಜನ ಭಾಗ ಮಾಡಿಕೊಳ್ಳೋದು ನಿಲ್ಲಲಿಲ್ಲ, ಹೇಳೋದು ನಿಲ್ಲಿಸಿದರು. ನೆಲ ಒಂದು ಕಥೆ ಹೇಳಿದರೆ ಕಂಪ್ಯೂಟರ್ ಇನ್ನೊಂದು ಹೇಳತೊಡಗಿತು.

ಹಾಗಾಗಿ ಒಂದು ದೇಶ ಎಷ್ಟು ಡ್ರೋನ್ ಕೊಂಡಿತು ಅಂತ ಕೇಳೋದಕ್ಕಿಂತ, ಊರಿಗೆ ಹತ್ತಿರದಲ್ಲಿ ಅಗ್ಗದ ದರಕ್ಕೆ ಗಡಿ ತಿದ್ದಿಕೊಡುವವರು ಎಷ್ಟು ಜನ ಇದ್ದಾರೆ ಅಂತ ಕೇಳಬೇಕು. ಆ ಊರಿನ ಹುಡುಗಿಯರಿಗೂ ಈ ಕೆಲಸ ಕಲಿಸಿದರೆ ಇನ್ನೂ ಒಳ್ಳೆಯದು. ಮನೆಯ ಹೆಂಗಸನ್ನು ‘ಅಮ್ಮಾ, ನಿಮ್ಮ ಹೆಸರೂ ಬರೀಲಾ?’ ಅಂತ ಕೇಳೋದು ಅವರಿಗೆ ಸುಲಭ.

ಓದುಗರಲ್ಲಿ ನನ್ನಂತೆ ಕಂಪ್ಯೂಟರ್ ಮುಂದೆ ಕೂರುವವರಿದ್ದರೆ ಒಂದು ಮಾತು. ಓಪನ್‌ಸ್ಟ್ರೀಟ್‌ಮ್ಯಾಪಿನ ಸ್ವಯಂಸೇವಕರ ತಂಡ ಆಫ್ರಿಕಾದ ಎಷ್ಟೋ ಊರುಗಳ ಉಪಗ್ರಹ ಚಿತ್ರ ಕೊಟ್ಟು, ಮನೆ, ರಸ್ತೆ ಗುರುತಿಸಿಕೊಡಿ ಅಂತ ಕೇಳುತ್ತೆ. ಭಾನುವಾರ ಒಂದು ಗಂಟೆ ಸಾಕು. ಯಾರದು ಯಾವ ಹೊಲ ಅಂತ ನಾವು ಇಲ್ಲಿಂದ ಹೇಳೋಕಾಗಲ್ಲ, ಅದನ್ನು ಬದುವಿನ ಮೇಲೆ ನಿಂತ ನೆರೆಹೊರೆಯವರೇ ಹೇಳಬೇಕು. ಆದರೆ ಅಲ್ಲೊಂದು ಮನೆ ಇದೆ, ಆ ನೆಲ ಖಾಲಿಯಿಲ್ಲ ಅಂತ ಒಂದು ಚುಕ್ಕೆ ಇಡೋದು ಇಲ್ಲಿಂದಲೂ ಆಗುತ್ತೆ.