ಕಿವಿ ಬಂತು... ನೆಮ್ಮದಿ ಬಂತೇ?

ಮೊನ್ನೆ ಸಂಜೆ ಜೋರು ಮಳೆ. ಮಾನಸಗಂಗೋತ್ರಿ ಬಳಿ ಸಿಟಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಸೆರಗನ್ನೆಲ್ಲ ಮಗನ ತಲೆಗೆ ಸುತ್ತಿ ತಾನು ತೊಪ್ಪೆಯಾಗಿ ನೆನೆಯುತ್ತಿದ್ದಳು. "ಮಗೂಗೆ ಜ್ವರವೇನಮ್ಮಾ?" ಎಂದೆವು.

"ಜ್ವರ ಇಲ್ಲ ಸಾ. ನಾ ನೆಂದ್ರೆ ಒಣಗ್ತೀನಿ. ಇವನ ಮಿಷಿನ್ ನೆಂದ್ರೆ ಎಲ್ಲಿಂದ ತರಾನ?"

ಸೆರಗಿನ ಮರೆಯಲ್ಲಿ ಇಣುಕಿತು ಆ ಮಿಷಿನ್. ಕಿವಿಯ ಹಿಂದೊಂದು ಕೊಕ್ಕೆ, ಅದರಿಂದ ಸಣ್ಣ ವೈರು, ತಲೆಗೆ ಅಂಟಿಕೊಂಡ ಗುಂಡನೆಯ ಬಿಲ್ಲೆ. ಕಾಕ್ಲಿಯರ್ ಇಂಪ್ಲಾಂಟ್! ನಂಜನಗೂಡು ಕಡೆಯ ಹಳ್ಳಿಯಿಂದ 'ಸ್ಪೀಚ್ ಅಂಡ್ ಹಿಯರಿಂಗ್'ಗೆ ಬಂದವಳಂತೆ. ಇಂಥ ತಾಯಂದಿರು ಮೈಸೂರಿಗರಿಗೆ ಹೊಸಬರಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದೇಶದ ನಾನಾ ಕಡೆಯಿಂದ ಮಕ್ಕಳು ಬರುತ್ತಾರೆ. ಅಲ್ಲಿನ ಶಿಶುತರಗತಿಯಲ್ಲಿ ಮಕ್ಕಳ ಜೊತೆ ಅಮ್ಮಂದಿರೂ ಕೂತು ಕಲಿಯುತ್ತಾರೆ.

ಏನಿದು ಯಂತ್ರ?

ಹಿಯರಿಂಗ್ ಏಡ್ ಶಬ್ದವನ್ನು ದೊಡ್ಡದು ಮಾಡುತ್ತದೆ. ಒಳಕಿವಿಯೇ ಪೂರಾ ಕೆಟ್ಟಿದ್ದರೆ ಎಷ್ಟು ದೊಡ್ಡದು ಮಾಡಿದರೇನು ಬಂತು? ಅಂಥವರಿಗೆ ಆಪರೇಷನ್ ಮಾಡಿ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾದೊಳಗೆ ತೆಳುವಾದ ತಂತಿ ತೂರಿಸುತ್ತಾರೆ. ಶಬ್ದವು ವಿದ್ಯುತ್ ಸಂಕೇತವಾಗಿ ನೇರ ನರಕ್ಕೇ ಮುಟ್ಟುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಡಾ. ಗ್ರೇಮ್ ಕ್ಲಾರ್ಕ್ ತಾವು ರೂಪಿಸಿದ ಇಂಪ್ಲಾಂಟನ್ನು ಮೊದಲು ಕೂರಿಸಿದ್ದು 1978ರಲ್ಲಿ. ಬೆಲೆ ಲಕ್ಷಗಳ ಮಾತು. ಬಡವರ ಮನೆಯ ಪುಟ್ಟ ಮಕ್ಕಳಿಗೆ ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ನೆರವಿಗೆ ಬಂದಿವೆ. ಒಳ್ಳೆಯದೇ ಆಯಿತು.

ಆದರೆ ಆಪರೇಷನ್ ಆದೊಡನೆ ಮಗು 'ಅಮ್ಮಾ' ಎಂದುಬಿಡುತ್ತದೆಂದು ನಂಬಿದವರು ಬಹಳ. ಅಲ್ಲೇ ಎಡವಟ್ಟು! ಗಾಯ ಮಾಗಿದ ಮೇಲಷ್ಟೇ ಸ್ವಿಚ್ ಹಾಕುವುದು. ಆಮೇಲೆ ಶಬ್ದದ ಮಟ್ಟವನ್ನು ಮಗುವಿಗೆ ಹೊಂದಿಸುವ 'ಮ್ಯಾಪಿಂಗ್', ಅದೂ ಮತ್ತೆ ಮತ್ತೆ. ಜೊತೆಗೆ ದಿನಾ ಮಾತಿನ ತರಬೇತಿ. ಕೇಳಿದ್ದು ಕುಕ್ಕರಿನ ಸೀಟಿಯೋ, ನಾಯಿ ಬೊಗಳಿದ್ದೋ ಎಂಬುದನ್ನೂ ಕಲಿತೇ ತಿಳಿಯಬೇಕು.

ಸುಖ ಅಳೆಯುವುದು ಹೇಗೆ?

ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಇಷ್ಟು ಪದ ಗುರುತಿಸಿದ, ಪಾಸು ಎನ್ನಬಹುದು. ಬದುಕಿನಲ್ಲಿ ಪಾಸಾದನೇ? ಇದನ್ನು ತಿಳಿಯಲೆಂದೇ ನೆದರ್ಲೆಂಡ್ಸಿನ ನೈಮೇಖನ್ ಊರಿನ ತಜ್ಞರು 2000ದಲ್ಲಿ 60 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಆರು ಭಾಗ. ಮೂರು ಭಾಗ ಕೇಳುವುದು, ಮಾತಾಡುವುದರ ಬಗ್ಗೆ. ಉಳಿದ ಮೂರು ಆತ್ಮಗೌರವ, ದಿನನಿತ್ಯದ ಚಟುವಟಿಕೆ, ನಾಲ್ಕು ಜನರೊಡನೆ ಬೆರೆಯುವುದರ ಬಗ್ಗೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನೆಮಂದಿಯೆಲ್ಲ ನಕ್ಕಾಗ ಯಾಕೆ ನಕ್ಕರೆಂಬುದು ಇವನಿಗೂ ತಿಳಿಯಿತೇ?

ಮಾತು ಬಂದ ಮೇಲೆ ಕಿವಿ ಕಳೆದುಕೊಂಡ ಎಷ್ಟೋ ದೊಡ್ಡವರಿಗೆ ಇಂಪ್ಲಾಂಟಿನಿಂದ ಮನೆಯ ಮಾತುಕತೆ ಮರಳಿ ಸಿಕ್ಕಿದೆ. ಆದರೂ ಮದುವೆ ಛತ್ರದ ಗದ್ದಲದಲ್ಲಿ ಮಾತು ಹಿಡಿಯುವುದು ಕಷ್ಟ, ಸಂಗೀತ ಹಿಂದಿನಂತೆ ಇಂಪಾಗಿ ಕೇಳದು. ಒಂದೇ ಕಿವಿಗೆ ಹಾಕಿದ್ದರೆ ಹಾರನ್ ಯಾವ ಕಡೆಯಿಂದ ಬಂತೆಂದು ಗೊತ್ತಾಗದು. ರಾತ್ರಿ ಯಂತ್ರ ತೆಗೆದಿಟ್ಟರೆ ಮತ್ತೆ ಮೌನ. ಇನ್ನು, ಸನ್ನೆ ಭಾಷೆಯಲ್ಲೇ ತೃಪ್ತಿಯಾಗಿ ಬದುಕುವವರೂ ಇದ್ದಾರೆ. ಅವರ ಬಾಳು ಕಡಿಮೆ ಎನ್ನಲು ನಾವ್ಯಾರು?

ವೈರು ಕಿತ್ತರೆ ಪಾಠ ಬಂದ್!

ಮತ್ತೆ ಆ ತಾಯಿಯ ಮಾತು ಕೇಳಿ: "ಈಗ ಕೂಗಿದ್ರೆ ತಿರುಗಿ ನೋಡ್ತಾನೆ ಸಾ, ನಂಗಷ್ಟೇ ಸಾಕು. ಆದ್ರೆ ಹೋದ ಬ್ಯಾಸಿಗೇಲಿ ವೈರ್ ಕಿತ್ತೋಯ್ತು. ಹೊಸದು ಬರೋಗಂಟ ಸ್ಕೂಲ್ನಲ್ಲಿ ಗೊಂಬೆ ಕುಂತಂಗೆ ಕುಂತಿದ್ದ. ಇಲ್ಲಿಗ್ ಬಂದ ದಿನ ಕೂಲೀನೂ ಇಲ್ಲ."

ಲಕ್ಷಗಟ್ಟಲೆಯ ಯಂತ್ರ ಒಂದು ತುಂಡು ವೈರಿಗೆ ಮೂಕಾಯಿತು! ಬೆವರು, ತೇವ ಇದರ ಶತ್ರು. ಬ್ಯಾಟರಿ, ಕೇಬಲ್, ರಿಪೇರಿ ತಪ್ಪಿದ್ದಲ್ಲ. ವಾರಂಟಿ ಮುಗಿದ ಮೇಲೆ ಕೂಲಿಯವರು ಏನು ಮಾಡಬೇಕು? ಇಂಪ್ಲಾಂಟ್ ಹಾಕಿಸಿಕೊಂಡವರ ನೆಮ್ಮದಿ ಆಪರೇಷನ್ ಕೋಣೆಯಲ್ಲಿ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ.

ಬೇಡಿಕೆ ದೊಡ್ಡದೇನಲ್ಲ. ತಾಲೂಕು ಆಸ್ಪತ್ರೆಯಲ್ಲೇ ವಾರಕ್ಕೊಂದು ದಿನ ತರಬೇತಿ ಸಿಗಲಿ. ಕೇಬಲ್ಲು, ಬ್ಯಾಟರಿ ಅಲ್ಲೇ ದಾಸ್ತಾನಿರಲಿ. ಮೇಷ್ಟರು ಅಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಬೋರ್ಡಿಗೆ ಮುಖ ಮಾಡದೆ ಮಗುವಿಗೆ ಮುಖ ಕಾಣುವಂತೆ ಪಾಠ ಹೇಳಲಿ. ಇದಕ್ಕೆ ಕಾಸೂ ಬೇಡ.

ಅಷ್ಟರಲ್ಲಿ ದೂರದಲ್ಲಿ ಹಾರನ್ ಆಯಿತು. ನಾವು ಮಾತಿನಲ್ಲಿದ್ದೆವು. "ಅವ್ವಾ, ಬಸ್ಸು!" ಎಂದು ಸೆರಗೆಳೆದವನು ಆ ಹುಡುಗ.

ಅವನಿಗೆ ಕೇಳಿಸಿತು. ಸಂಬಂಧಪಟ್ಟವರಿಗೂ ಕೇಳಿಸುವುದೇ? ಅವರ ಕಿವಿಗೆ ಆಪರೇಷನ್ ಏನೂ ಬೇಕಿಲ್ಲವಲ್ಲ!